ಹೆಸರಿಗೂ ಅಂಕಿಗೂ ನಡುವೆ

ನೋಟಿಸ್ ಬೋರ್ಡಿನ ಮುಂದೆ ನಿಂತ ಹಾಜರಿ ಗುಮಾಸ್ತ ವಾಸುದೇವನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಅದಕ್ಕೆ ಬೇರೆ ಹೆಸರು ಕೊಡಲು ಅವನು ದಿನವಿಡೀ ಒದ್ದಾಡಿದ. ಗಾಬರಿ ಅಂದುಕೊಂಡ, ಆಶ್ಚರ್ಯ ಅಂದುಕೊಂಡ. ಆದರೆ ಆ ಮೊದಲ ಗಳಿಗೆಯಲ್ಲಿ ಹೊಟ್ಟೆಯೊಳಗೆ ಬೆಚ್ಚಗೆ ಹರಡಿದ್ದು ಸಂತೋಷವೇ, ಅದರಲ್ಲಿ ಅನುಮಾನವಿರಲಿಲ್ಲ. ಬೋರ್ಡಿಗೆ ಚುಚ್ಚಿದ್ದ ಹಾಳೆಯಲ್ಲಿ ಕಾರ್ಖಾನೆಯ ಗುತ್ತಿಗೆ ಕೆಲಸಗಾರರೆಲ್ಲರ ಹೆಸರಿತ್ತು, ಪ್ರತಿ ಹೆಸರಿನ ಎದುರು ಮೂರು ವರ್ಷದ ಗೈರುಹಾಜರಿ, ಅದರ ಮುಂದೆ ಕಾಯಂ ಆಗುವವರಿಗೆ ಮಾತ್ರ ಒಂದು ಸರಿ ಗುರುತು. ದಶರಥ ಎಂಬ ಹೆಸರಿನ ಎದುರು ನಲವತ್ತೊಂದು ದಿನ ಗೈರು ಎಂದಿತ್ತು. ಸರಿ ಗುರುತು ಇರಲಿಲ್ಲ. ನೆಲಕ್ಕೆ ಹಾಸುವ ಫರಸಿಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಜ್ವರ ನೆಗಡಿ ಯಾವುದಕ್ಕೂ ಜಗ್ಗದೆ ಗರಗಸದ ಮುಂದೆ ನಿಲ್ಲುತ್ತಿದ್ದ ದಶರಥ. ವಾಡಿಯಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬರುತ್ತ, ಚಿತ್ತಾಪುರದಲ್ಲಿ ಹತ್ತುವ ವಾಸುದೇವನಿಗಾಗಿ ಕಿಟಕಿಯ ಪಕ್ಕ ಟವೆಲು ಹಾಸಿ ಜಾಗ ಹಿಡಿದಿಡುತ್ತಿದ್ದ ದಶರಥ. ಆ ಟವೆಲು ಇಲ್ಲದ ಒಂದು ಬೆಳಗೂ ವಾಸುದೇವನಿಗೆ ನೆನಪಿಲ್ಲ. ಅದೇ ಹಾಳೆಯಲ್ಲಿ ಕೆಳಗೆ, ಖಣಿಯಲ್ಲಿ ಕಾಲಿನ ಮೇಲೆ ಕಲ್ಲು ಬಿದ್ದು ಮಳೆಗಾಲ ಪೂರ್ತಿ ಮನೆ ಹಿಡಿದಿದ್ದ ಹಾಜಿಮಲಂಗನ ಎದುರು ಸೊನ್ನೆ ಇತ್ತು, ಸರಿ ಗುರುತೂ ಇತ್ತು. ಹೆಸರುಗಳು ಎದ್ದು ಜಾಗ ಬದಲಾಯಿಸಿದ್ದವು, ಅಂಕಿಗಳು ಕೂತಲ್ಲಿಯೇ ಕೂತಿದ್ದವು. ಒಬ್ಬರದು ಇನ್ನೊಬ್ಬರ ಕೊರಳಿಗೆ ಬಿದ್ದಿತ್ತು. ಕೆಳಗೆ ಮ್ಯಾನೇಜರ್ ಅಭಯನ ಅರ್ಧ ಸಹಿ. ಮಾಡಿಕೊಳ್ಳಲಿ, ಎಂದು ವಾಸುದೇವ ಅಂದುಕೊಂಡ. ತಮ್ಮ ವರದಿ ತಾವೇ ಮಾಡಿಕೊಳ್ಳಲಿ.

ಆರು ತಿಂಗಳ ಹಿಂದೆ, ಎರಡು ಸಾವಿರದ ನಾಲ್ಕರ ಯುಗಾದಿ ಮುಗಿದ ಮೇಲೆ, ಹೈದರಾಬಾದಿನ ದೊಡ್ಡ ಆಫೀಸಿನಿಂದ ಒಂದು ಸಿಡಿ ಬಂದಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಎಕ್ಸೆಲ್ ಹಾಳೆಯ ನೆತ್ತಿಯ ಮೇಲೆ ಗುಂಡಿಗಳ ಹೊಸದೊಂದು ಪಟ್ಟಿ ಮೂಡುತ್ತಿತ್ತು. ಯಾವ ಸಾಹೇಬನಾದರೂ ಸರಿ, ಬೇಕಾದ ಹೆಸರನ್ನು ಮೌಸಿನಿಂದ ಎಳೆದು ಇತ್ತ ಹಾಕಿ, ಬೇಕಾದ ಅಂಕಿಯನ್ನು ಅತ್ತ ಹಾಕಿ, ತನ್ನ ವರದಿಯನ್ನು ತಾನೇ ತೆಗೆದುಕೊಳ್ಳಬಹುದು. ಗುಮಾಸ್ತನ ಮೇಜಿನ ಮುಂದೆ ನಿಲ್ಲಬೇಕಾಗಿಲ್ಲ. ಅಲ್ಲಿಯವರೆಗೆ ಎಲ್ಲರೂ ನಿಂತವರೇ. ಸ್ಟೋರಿನವರು, ಸಾಗಾಣಿಕೆಯವರು, ಅಭಯನಿಗಿಂತ ಮೊದಲಿದ್ದ ಮ್ಯಾನೇಜರು ಕೂಡ ತಿಂಗಳ ಕೊನೆಗೆ ಬಂದು ಮೇಜಿನ ಅಂಚು ಹಿಡಿದು, "ವಾಸುದೇವರಾವ್, ಇವತ್ತರೆ ಆಗ್ತದೇನ್ರಿ?" ಎನ್ನುತ್ತಿದ್ದರು. ಆಗಿದ್ದರೂ ಅವನು ಕನ್ನಡಕ ತೆಗೆದು ಒರೆಸಿ, "ನಾಳಿ ನೋಡೋಣ್ರಿ" ಎನ್ನುತ್ತಿದ್ದ. ಹಾಗೆ ಅನ್ನುವಾಗ ನಾಲಿಗೆಯ ಮೇಲೆ ಒಂದು ಸಣ್ಣ ಸಿಹಿ. ಆ ಸಿಹಿಗಾಗಿಯೇ ಅವನು ಕೆಲಸ ಮಾಡುತ್ತಿದ್ದನೋ ಏನೋ. ಮನೆಯಲ್ಲಿ ಹೆಂಡತಿ ಭಾಮಾ ಅವನನ್ನು ಏನೂ ಕೇಳುತ್ತಿರಲಿಲ್ಲ, ತಮ್ಮಂದಿರು ಆಸ್ತಿಯ ಮಾತಿಗೂ ಅವನನ್ನು ಕರೆಯುತ್ತಿರಲಿಲ್ಲ. ಈ ಮೇಜಿನ ಮುಂದೆ ಮಾತ್ರ ಜನ ಕಾಯುತ್ತಿದ್ದರು. ಸಿಡಿ ಬಂದ ಮೇಲೆ ಅದನ್ನು ಎಲ್ಲರಿಗೂ ಕಲಿಸುವ ಕೆಲಸವನ್ನು ಅಭಯ ಅವನಿಗೇ ಒಪ್ಪಿಸಿದ. ಅಭಯ ಭಾಮಾಳ ಕಡೆಯ ದೂರದ ನೆಂಟ, ಮೂವತ್ತು ದಾಟದ ಹುಡುಗ. ಮನೆಗೆ ಬಂದು ಹೋಳಿಗೆ ತಿನ್ನುವಾಗ ಕಾಕಾ, ಕಾರ್ಖಾನೆಯ ಒಳಗೆ ವಾಸುದೇವ್. "ಎಲ್ಲಾರಿಗೂ ಚೊಲೋತ್ನಂಗ ಕಲಿಸ್ರಿ ವಾಸುದೇವ್, ನಿಮಗೂ ಹೊರಿ ಕಡಿಮಿ ಆಗ್ತದ" ಎಂದಿದ್ದ. ತನ್ನ ಕುರ್ಚಿಯ ಕಾಲನ್ನು ತಾನೇ ಕೊಯ್ದು ಕೊಟ್ಟ ಹಾಗೆ ವಾಸುದೇವ ಎರಡು ವಾರ ಪಾಠ ಹೇಳಿದ. ಯಾವುದನ್ನು ಎಲ್ಲಿಗೆ ಎಳೆಯಬೇಕು, ಹೇಗೆ ಜೋಡಿಸಬೇಕು, ಎಲ್ಲಿ ಒತ್ತಿದರೆ ಹೆಸರುಗಳು ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲುತ್ತವೆ, ಎಲ್ಲ. ಒಂದನ್ನು ಬಿಟ್ಟು.

ಅವನ ತಾಯಿ ಸುಂದರಮ್ಮ ಮನುಷ್ಯರನ್ನು ಎಣಿಸುತ್ತಿರಲಿಲ್ಲ. ಮಳಖೇಡದ ಆರಾಧನೆಗೆ ಹೋದಾಗ ಪಂಕ್ತಿಗೆ ಎಷ್ಟು ಜನ ಕೂತಿದ್ದಾರೆಂದು ತಿಳಿಯಬೇಕಾದರೆ ಬಾಳೆಲೆ ಎಣಿಸುತ್ತಿದ್ದಳು, ಕೂತವರ ಮುಖ ನೋಡುತ್ತಿರಲಿಲ್ಲ. ಲೆಕ್ಕ ಕಲಿತ ಹುಮ್ಮಸ್ಸಿನಲ್ಲಿ ವಾಸುದೇವ ಒಮ್ಮೆ ಬೆರಳು ತೋರಿಸುತ್ತ ಒಂದು ಎರಡು ಮೂರು ಎಂದು ಪಂಕ್ತಿಯ ತುದಿಯವರೆಗೆ ಕೂಗಿಕೊಂಡು ಹೋಗಿದ್ದ. ಅಷ್ಟೂ ಜನರೆದುರು ಅವಳು ಕೆನ್ನೆಗೆ ಬಾರಿಸಿದಳು. "ಬದುಕಿದವರ ತಲಿ ಎಣಸ್ತಾರೇನೋ, ಮುಂಡೇಗಂಡ!" ಯಾರೋ ನಕ್ಕರು. ಕೆನ್ನೆಯ ಉರಿಗಿಂತ ಆ ನಗು ಜಾಸ್ತಿ ಉಳಿಯಿತು. ಕಾರ್ಖಾನೆಗೆ ಸೇರಿ ಮೊದಲ ಹಾಜರಿ ಹಾಳೆ ಗೀಚುವಾಗ ಕೈ ತಾನಾಗಿ ಹೆಸರಿಗೂ ಅಂಕಿಗೂ ನಡುವೆ ಒಂದು ಕಾಲಂ ಖಾಲಿ ಬಿಟ್ಟಿತು. ಬದುಕಿರುವ ಮನುಷ್ಯನ ಹೆಸರಿಗೆ ಅಂಕಿ ತಗಲಬಾರದು. ಕಾಗದದ ಮೇಲೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಅಂದವಾಗಿ ಕಾಣುತ್ತದೆ ಎಂದು ಹೊಗಳಿದವರೂ ಇದ್ದರು. ಕಂಪ್ಯೂಟರ್ ಬಂದ ಮೇಲೂ ಕೈ ಹಾಗೆಯೇ ಬಿಟ್ಟಿತು. ಆದರೆ ಯಂತ್ರಕ್ಕೆ ಆ ಖಾಲಿ ಕಾಲಂ ಎಂದರೆ ಗೋಡೆ. ಗೋಡೆಯ ಈಚೆಯದು ಬೇರೆ, ಆಚೆಯದು ಬೇರೆ ಎಂದೇ ಅದು ತಿಳಿಯುತ್ತದೆ. ಹೆಸರಿನ ಮೇಲೆ ಕೈಯಿಟ್ಟು ಸಾಲಾಗಿ ನಿಲ್ಲಿಸು ಎಂದರೆ ಹೆಸರುಗಳು ಮಾತ್ರ ಏಳುತ್ತವೆ, ಆಚೆಯ ಅಂಕಿಗಳಿಗೆ ಸುದ್ದಿಯೂ ಮುಟ್ಟುವುದಿಲ್ಲ. ಯಂತ್ರ ಎಚ್ಚರಿಸುವುದೂ ಇಲ್ಲ. ವಾಸುದೇವ ಯಾವಾಗಲೂ ಈ ತುದಿಯಿಂದ ಆ ತುದಿಯವರೆಗೆ ಎಲ್ಲವನ್ನೂ ಎಳೆದು ಹಿಡಿದು ಆಮೇಲೆ ಒತ್ತುತ್ತಿದ್ದ. ಆ ಎಳೆಯುವುದನ್ನು ಅವನು ಕಲಿಸಲಿಲ್ಲ. ಮರೆತೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಅಭಯ ಹೆಸರು ಜೋಡಿಸಿದ, ಅಂಕಿಗಳು ನಿಂತಲ್ಲೇ ನಿಂತವು. ಗುಂಡಿಗಳ ಆ ಹೊಸ ಪಟ್ಟಿ ನಡುವೆ ಖಾಲಿ ಜಾಗ ಒಪ್ಪುವುದಿಲ್ಲ, ಗೊಣಗಿರಬೇಕು. ಅಭಯ ಖಾಲಿ ಕಾಲಮನ್ನು ಅಳಿಸಿದ. ಎರಡು ದಡ ಕೂಡಿದವು. ಗೋಡೆಯಿತ್ತೆಂಬ ಗುರುತೂ ಉಳಿಯಲಿಲ್ಲ.

ತನ್ನ ಮೇಜಿಗೆ ಬಂದು ವಾಸುದೇವ ಕಂಪ್ಯೂಟರಿನಲ್ಲಿ ಹಳೆಯ ಹಾಳೆ ತೆರೆದ. ದಶರಥನ ಎದುರು ಸೊನ್ನೆ. ಪಕ್ಕದಲ್ಲಿ ಖಾಲಿ ಬಿಳಿ. ಹೋಗಿ ಹೇಳಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಸಂಜೆಯೊಳಗೆ ಪೂರ್ತಿ ಸಹಿ ಬಿದ್ದು ಫ್ಯಾಕ್ಸ್ ಹೋಗಬೇಕು, ಹೋದ ಮೇಲೆ ಕಾಯಂ ಹುಕುಂ ಹೈದರಾಬಾದಿನಿಂದಲೇ ಹೊರಡುತ್ತದೆ, ಮುಂದೆ ಇಂಥ ಅವಕಾಶ ಇನ್ನು ಯಾವಾಗಲೋ. ಗುತ್ತಿಗೆಯವರನ್ನು ದೀಪಾವಳಿಗೆ ಮೊದಲೇ ಕಡಿಮೆ ಮಾಡುತ್ತಾರೆಂಬ ಗುಸುಗುಸು ಬೇರೆ. ದಶರಥನಿಗೆ ಇದು ಬದುಕಿನ ಮಾತು. ವಾಸುದೇವ ಹಾಳೆಯ ಒಂದು ಪ್ರತಿ ತೆಗೆದು ಮಡಿಚಿಕೊಂಡು ಎದ್ದ. ಏಳುವಾಗ ಅವನ ಮನಸ್ಸಿನಲ್ಲಿದ್ದದ್ದು ದಶರಥನ ಮುಖವಲ್ಲ, ಅಭಯನ ಮುಖ. ತಪ್ಪು ತೋರಿಸಿದ ಕೂಡಲೇ ಅದು ಹೇಗೆ ಕಪ್ಪಿಡುತ್ತದೆ, ಹೇಗೆ "ಕಾಕಾ, ಈಗೇನ್ ಮಾಡೋಣ" ಎನ್ನುತ್ತದೆ, ತಾನು ಹೇಗೆ ಕನ್ನಡಕ ಒರೆಸುತ್ತಾನೆ. ಕ್ಯಾಬಿನ್ನಿನ ಬಾಗಿಲಿಗೆ ಹೋಗುವಷ್ಟರಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದ.

ಒಳಗೆ ಅಭಯ ಒಬ್ಬನೇ ಇರಲಿಲ್ಲ. ಸಿಡಿ ಕಳಿಸಿದ ಆಫೀಸಿನಿಂದ ಪ್ರಮಿತಾ ಎಂಬ ಅಧಿಕಾರಿ ಬಂದಿದ್ದಳು. ಬೆಂಗಳೂರಿನ ಕಡೆಯ ಮಾತು, ಕತ್ತಿನಲ್ಲಿ ಗುರುತುಚೀಟಿ, ಕಲ್ಲುಪುಡಿ ತಾಗದ ಬಿಳಿ ಬೂಟು. ಅಭಯ ಕಂಪ್ಯೂಟರಿನ ಮುಖವನ್ನು ಅವಳತ್ತ ತಿರುಗಿಸಿ ತೋರಿಸುತ್ತಿದ್ದ. "ಮೊದಲ ಇಂಥಾ ಒಂದು ರಿಪೋರ್ಟಿಗಿ ನಾಕ್ ನಾಕ್ ದಿನ ಕಾಯ್ಬೇಕಾಗ್ತಿತ್ತು ಮೇಡಂ. ಇವತ್ತ ನಾಷ್ಟಾ ಮಾಡಿ ಕುಂತೆ, ಚಹಾ ಬರೂದ್ರೊಳಗ ಮುಗೀತು." ಆಮೇಲೆ ಬಾಗಿಲಲ್ಲಿ ನಿಂತವನನ್ನು ಕಂಡು, "ಇವರೇ ಆ ನಾಕ್ ದಿನ ಕಾಯಸ್ತಿದ್ದವರು" ಎಂದು ನಕ್ಕ. ಕೆಟ್ಟ ನಗುವೇನಲ್ಲ, ಮನೆಯಲ್ಲಿ ಹೋಳಿಗೆ ಜಾಸ್ತಿ ಬಡಿಸಿದಾಗ ನಗುವ ನಗುವೇ. ಪ್ರಮಿತಾ ತಿರುಗಿ ನೋಡಿ, "ಓ, ಇಷ್ಟೆಲ್ಲ ನೀವು ಕೈಯಿಂದ ಮಾಡ್ತಿದ್ರಾ? ಪಾಪ, ಎಷ್ಟು ಕಷ್ಟ ಆಗಿರಬೇಕು" ಎಂದಳು. ಆ ಪಾಪ ಎಂಬ ಮಾತಿನಲ್ಲಿ ನಿಜವಾದ ಕರುಣೆ ಇತ್ತು. ವಾಸುದೇವನಿಗೆ ತಡೆಯಲಾಗದೆ ಹೋದದ್ದು ಅದೇ. ಇಷ್ಟು ವರ್ಷ ಅವನ ಗತ್ತಾಗಿದ್ದದ್ದು ಈ ಹೆಣ್ಣುಮಗಳಿಗೆ ಒಂದು ಕಾಯಿಲೆಯಂತೆ ಕಂಡಿತ್ತು, ಅವಳು ಅದಕ್ಕೆ ಔಷಧ ತಂದಿದ್ದಳು. ಅಭಯ ಕೇಳಿದ, "ಏನ್ ವಾಸುದೇವ್, ಏನರೆ ಇತ್ತೇನು?" ವಾಸುದೇವ ಕೈಯಲ್ಲಿದ್ದ ಹಾಳೆಯನ್ನು ಇನ್ನೊಂದು ಸಲ ಮಡಿಚಿದ. ಬಾಯಿ ತೆರೆದ. ಬಂದ ಮಾತು ಅವನಿಗೇ ಪರಕೀಯವಾಗಿ ಕೇಳಿಸಿತು. "ಏನಿಲ್ಲ ಸರ್, ಚಹಾ ಹೇಳ್ಲೇನು ಅಂತ ಕೇಳಾಕ ಬಂದೆ." ಅಭಯ ಮತ್ತೆ ಕಂಪ್ಯೂಟರಿನತ್ತ ತಿರುಗುತ್ತ, "ಹ್ಞಾಂ, ಎರಡು ಹೇಳ್ರಿ. ಮೇಡಂಗ ಸಕ್ಕರಿ ಕಡಿಮಿ" ಎಂದ.

ಚಹಾ ಅವನೇ ತಂದ. ಕ್ಯಾಂಟೀನಿನಲ್ಲಿ ಆಳುಗಳಿದ್ದರು, ಹೇಳಿದ್ದರೆ ಸಾಕಿತ್ತು. ತಟ್ಟೆಯನ್ನು ತಾನೇ ಹಿಡಿದು, ಅಂಗಳ ದಾಟಿ, ಶೆಡ್ಡಿನವರೆಲ್ಲ ನೋಡುವ ಹಾಗೆ ನಡೆದ. ಯಾರ ಮೇಲಿನ ಸೇಡು ಅದು, ಅವನಿಗೆ ತಿಳಿಯಲಿಲ್ಲ. ಗರಗಸಗಳ ಕಿರುಚು, ಕಲ್ಲಿನ ಮೇಲೆ ಬೀಳುವ ನೀರು, ಬೂದುಬಣ್ಣದ ಕೆಸರು. ಆ ಕೆಸರಿನಲ್ಲಿ ಪಾದ ಮುಳುಗಿಸಿಕೊಂಡು ನಿಂತಿದ್ದ ದಶರಥ ಅವನನ್ನು ಕಂಡು, ಕೈಯೆತ್ತಿ ಎಂದಿನ ನಮಸ್ಕಾರ ಮಾಡಿದ. ಬೋರ್ಡನ್ನು ಇನ್ನೂ ನೋಡಿರಲಿಲ್ಲ ಅನ್ನಿಸುತ್ತದೆ. ಊಟದ ಬಿಡುವಿನಲ್ಲಿ ನೋಡುತ್ತಾನೆ. ನೋಡಲಿ, ನೋಡಿ ಕೂಗಾಡಲಿ. ಇದು ವಾಸುದೇವನಿಗೆ ಆಗ ಹೊಳೆದ ಉಪಾಯ, ಹೊಳೆದಾಗ ಎದೆ ಹಗುರಾಯಿತು. ತಾನು ಹೇಳುವುದು ಬೇಡ. ಬಡವರ ಹೊಟ್ಟೆಯ ಮೇಲೆ ಹೊಡೆದರೆ ಸುಮ್ಮನಿರುತ್ತಾರೆಯೇ? ಹಿಂದೆ ಒಂದು ದಿನದ ಹಾಜರಿ ತಪ್ಪಿದರೆ ಅವನ ಕಿಟಕಿಯ ಮುಂದೆ ಸಂತೆ ಸೇರುತ್ತಿತ್ತು. "ಏನ್ ಬರ್ದೀರಿ ಸಾಹೇಬ್ರ, ಕಣ್ಣ ಕಾಣಂಗಿಲ್ಲೇನು?" ಎಂದು ಮುಖಕ್ಕೇ ಕೇಳುತ್ತಿದ್ದರು. ಇವತ್ತೂ ಕೇಳುತ್ತಾರೆ. ಗದ್ದಲವಾಗುತ್ತದೆ, ಆ ಹೆಣ್ಣುಮಗಳ ಎದುರೇ ಆಗುತ್ತದೆ, ಆಗ ಅಭಯ ಓಡಿ ಬಂದು ಮೇಜಿನ ಅಂಚು ಹಿಡಿಯುತ್ತಾನೆ. ವಾಸುದೇವ ಹಳೆಯ ಹಾಳೆಯ ಪ್ರತಿಯನ್ನು ಬಿಚ್ಚಿ ಮೇಜಿನ ಮೇಲೆ ಸಿದ್ಧವಾಗಿಟ್ಟುಕೊಂಡು ಕಾದ.

ಊಟದ ಗಂಟೆ ಹೊಡೆಯಿತು. ಬೋರ್ಡಿನ ಮುಂದೆ ಜನ ಮುತ್ತಿದರು. ಓದಬಲ್ಲವರು ಓದಿದರು, ಉಳಿದವರು ಬೆರಳಿಟ್ಟು ತಮ್ಮ ಸಾಲನ್ನು ಹುಡುಕಿಸಿಕೊಂಡರು. ಕೂಗು ಏಳಲಿಲ್ಲ. ಗೆರೆ ಹೊಡೆದು, ನೀಲಿ ತಲೆಬರಹ ಹಾಕಿ, ಒಂದರ ಕೆಳಗೊಂದು ಚೊಕ್ಕವಾಗಿ ನಿಂತ ಆ ಅಕ್ಷರಗಳ ಮುಂದೆ ಜನ ಆಸ್ಪತ್ರೆಯಲ್ಲಿ ನಿಂತಂತೆ ನಿಂತಿದ್ದರು. ತನ್ನ ಕೈಬರಹದ ಜೊತೆ ಜಗಳವಾಡಿದವರು ಇವರೇ. ಮನುಷ್ಯ ಬರೆದದ್ದಾದರೆ ತಪ್ಪಿರಬಹುದು, ಅದಕ್ಕೆ ಜಗಳ. ಇದನ್ನು ಯಾರೂ ಬರೆದಿರಲಿಲ್ಲ. ವಾಸುದೇವನಿಗೆ ಎದ್ದು ಹೋಗಿ ಅವರ ಹೆಗಲು ಹಿಡಿದು ಅಲುಗಾಡಿಸಬೇಕೆನ್ನಿಸಿತು. ಕೇಳ್ರೋ, ನನಗೆ ಬೈಯುತ್ತಿದ್ದ ಹಾಗೆ ಆ ಅಭಯನಿಗೂ ಬೈಯ್ರೋ. ಕಿಟಕಿಗೆ ಬಂದವನು ಒಬ್ಬನೇ, ಹಾಜಿಮಲಂಗ್. ಸೊಟ್ಟಗಾಲನ್ನು ಎಳೆಯುತ್ತ ಬಂದು, ಸರಳುಗಳ ಒಳಗೆ ಕೈ ತೂರಿಸಿ ವಾಸುದೇವನ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ನಂಗ ಗೊತ್ತದ ಸಾಹೇಬ್ರ, ಇದು ನಿಮ್ಮ ಕೆಲಸ. ಕಾಲ ಮುರದಾಂವ ಅಂತ ನೀವು ಆ ದಿನಾ ಎಲ್ಲಾ ಮಾಫ್ ಮಾಡೀರಿ. ಖುದಾ ನಿಮ್ಮ ಮಕ್ಕಳ್ನ ಚಂದ ಇಡ್ಲಿ." ವಾಸುದೇವನಿಗೆ ಮಕ್ಕಳಿರಲಿಲ್ಲ. ಕೈ ಬಿಡಿಸಿಕೊಳ್ಳಲು ಹೋದ, ಹಾಜಿಮಲಂಗ್ ಬಿಡಲಿಲ್ಲ. "ಯಾರ್ ಮುಂದೂ ಹೇಳಂಗಿಲ್ರಿ" ಎಂದು ಪಿಸುಗುಟ್ಟಿ ಹೋದ. ಹೋದ ಮೇಲೆ ವಾಸುದೇವ ಒಂದು ಹೊಸ ಸಮಾಧಾನವನ್ನು ಮೆಲ್ಲತೊಡಗಿದ. ಈಗ ಹೇಳಿದರೆ ಈ ಕುಂಟನ ಬಾಯಿಯ ತುತ್ತು ಹೋಗುತ್ತದೆ. ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗೆ ಬಂದಿದೆ, ಒಟ್ಟು ಲೆಕ್ಕ ಸರಿಯಾಗಿಯೇ ಇದೆ. ಇಷ್ಟು ಕೊಳಕಾಗಿ ತನ್ನ ತಲೆ ಓಡಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. ಓಡಲು ಬಿಟ್ಟ.

ದಶರಥ ಕಿಟಕಿಗೆ ಬರಲೇ ಇಲ್ಲ. ಬಂದಿದ್ದರೆ ಹೇಳಿಬಿಡುತ್ತಿದ್ದೆ ಎಂದು ವಾಸುದೇವ ನಂಬಿದ. ನಾಲ್ಕರ ಸುಮಾರಿಗೆ ಫ್ಯಾಕ್ಸ್ ಯಂತ್ರ ಕೀಚಲು ದನಿಯಲ್ಲಿ ಕಾಗದವನ್ನು ನುಂಗುತ್ತಿದ್ದಾಗ ಅವನು ಅದರ ಪಕ್ಕದಲ್ಲಿಯೇ ನಿಂತಿದ್ದ. ತಂತಿ ಕಿತ್ತರೂ ಸಾಕಿತ್ತು. ಅಭಯ ಹೊರಗೆ ಬಂದು, ಜನರಿಲ್ಲದ್ದು ನೋಡಿ, ಬೆನ್ನು ತಟ್ಟಿದ. "ಸಿಟ್ಟಿಗಿ ಬಂದೀರೇನು ಕಾಕಾ? ಮೇಡಂ ಮುಂದ ಸುಮ್ನ ಚ್ಯಾಷ್ಟಿ ಮಾಡಿದ್ದು." ಹೇಳುವ ಕೊನೆಯ ಗಳಿಗೆ ಅದು, ಕಾಕಾ ಎಂದು ಕರೆದಿದ್ದ, ಫೋನ್ ಮಾಡಿ ತಡೆಯಬಹುದಿತ್ತು. "ಛೇ ಛೇ, ಸಿಟ್ಟೇನ್ ಬಂತು" ಎಂದ ವಾಸುದೇವ, ತನಗೇ ಹೇಸಿಗೆ ಹುಟ್ಟಿಸುವಷ್ಟು ಮೃದುವಾಗಿ.

ಸೇಡಂ ಸ್ಟೇಷನ್ನಿನಲ್ಲಿ ಇನ್ನೊಂದು ಡಬ್ಬಿ ಹತ್ತಬೇಕೆಂದುಕೊಂಡಿದ್ದ. ಆದರೆ ಪ್ಯಾಸೆಂಜರು ಬಂದು ನಿಂತಾಗ ನುಗ್ಗಿ ಮೊದಲೇ ಹತ್ತಿದ್ದ ದಶರಥ ಕಿಟಕಿಯಿಂದ ಕೈ ಮಾಡಿ, "ಇಲ್ಲಿ ಬರ್ರಿ ಸಾಹೇಬ್ರ, ಕುಂದ್ರಿ" ಎಂದ. ಟವೆಲು ಎಂದಿನಂತೆ ಹಾಸಿತ್ತು. ಪಕ್ಕದಲ್ಲಿ ಅವನ ಹೆಂಡತಿ ತುಳಜಾಬಾಯಿ ಕೂತಿದ್ದಳು. ಇವತ್ತು ಕಾಯಂ ಸುದ್ದಿ ತಿಳಿಯುತ್ತದೆಂದು ವಾಡಿಯಿಂದ ಬಂದು ಮಧ್ಯಾಹ್ನದಿಂದ ಗೇಟಿನ ಹೊರಗೆ ಕಾದಿದ್ದಳಂತೆ. ಹೊಸ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ಗಾಡಿ ಹೊರಟಿತು. ತುಳಜಾಬಾಯಿಯೇ ಮಾತು ಆರಂಭಿಸಿದಳು. "ಇದು ಹೆಂಗ್ರಿ ಸಾಹೇಬ್ರ? ಇಂವ ಒಂದ್ ದಿನಾನೂ ಬಿಟ್ಟಾಂವಲ್ಲ. ನಮ್ಮ ಕರುಣಾನ ಬಾಣಂತನದಾಗೂ ಬಿಟ್ಟಿಲ್ಲ, ಮಗಳು ಅಳಾಕತ್ತಿದ್ಲು, ಇಂವ ಬುತ್ತಿ ಕಟಗೊಂಡು ಹೋದ. ನಲವತ್ತೊಂದ್ ಎಲ್ಲಿಂದ ಬಂದ್ವು? ನೀವರೆ ಹೇಳ್ರಿ, ನೀವು ದಿನಾ ನೋಡ್ತಿದ್ರಿ." ದಶರಥ ಅವಳ ಮೊಳಕೈ ಒತ್ತಿ, "ಸುಮ್ಕಿರು. ಅದು ಕಂಪೂಟರ್ ತೆಗದದ್ದು. ಅದಕ್ಕ ಯಾರ್ ಮ್ಯಾಲೂ ಹಗೀತನ ಇರಂಗಿಲ್ಲ" ಎಂದ. ಆಮೇಲೆ ವಾಸುದೇವನತ್ತ ತಿರುಗಿ ತಗ್ಗಿದ ದನಿಯಲ್ಲಿ, "ಮಧ್ಯಾಹ್ನದಿಂದ ವಿಚಾರ ಮಾಡಾಕತ್ತೀನ್ರಿ. ಅವ್ವ ಸತ್ತಾಗ ಬಿಟ್ಟಿದ್ನೇನೋ. ಮೂರ್ ದಿನ ಇರ್ಬೇಕು. ಇಲ್ಲಾ, ಅದಕ್ಕೂ ಮುಂಚೇನ ಅವ್ವ ಹೋಗಿದ್ಲು. ಕರುಣಾನ ಲಗ್ನದಾಗ? ಐತಾರ ಇತ್ತದು, ಸೂಟಿ ದಿನ. ನಂಗ ನೆಪ್ಪ ಆಗವಲ್ದು. ಕಲ್ಲಿನ ಧೂಳಿಗಿ ತಲಿ ಹೋಗ್ಯದೇನೋ. ನಿಮ್ಮ ಹಂತೇಲಿ ಹಳೀ ಲೆಕ್ಕ ಇರ್ತದಲ್ರಿ. ನೀವು ನೋಡೀರೇನು? ಇದ್ದಾವೇನ್ರಿ ಅಷ್ಟು ದಿನ?"

ಹಳೆಯ ಹಾಳೆಯ ಪ್ರತಿ ವಾಸುದೇವನ ಅಂಗಿಯ ಜೇಬಿನಲ್ಲಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ಯಾವಾಗ ಗೊತ್ತಾಯಿತು? ಬೆಳಿಗ್ಗೆಯೇ? ಈ ಹೆಂಗಸು ಇಡೀ ಡಬ್ಬಿಗೆ ಕೇಳುವಂತೆ ಕೇಳುತ್ತಾಳೆ. ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ಆದರೆ ಗೊತ್ತಿಲ್ಲ ಎಂಬ ಮಾತನ್ನು ಅವನು ಜೀವಮಾನದಲ್ಲಿ ಆಡಿದವನಲ್ಲ. ಅಂಕಿಯ ಬಗ್ಗೆ ಕೇಳಿದಾಗಂತೂ ಇಲ್ಲ. ಬೆಳಗಿನಿಂದ ಒಬ್ಬರೂ ಅವನನ್ನು ಒಂದು ಲೆಕ್ಕವನ್ನೂ ಕೇಳಿರಲಿಲ್ಲ. ಈಗ ಒಬ್ಬ ಮನುಷ್ಯ ಎದುರು ಕೂತು, ಅವನ ಬಾಯಿಂದ ಬೀಳುವ ಮಾತಿಗಾಗಿ ಉಸಿರು ಹಿಡಿದು ಕಾಯುತ್ತಿದ್ದ. ಕನ್ನಡಕ ತೆಗೆದ, ಪಂಚೆಯ ತುದಿಯಿಂದ ಒರೆಸಿದ.

"ಇದ್ದಾವ" ಎಂದ. "ನಾ ನೋಡೀನಿ. ಅಲ್ಲೊಂದು ಇಲ್ಲೊಂದು, ಕೂಡಿ ಅಷ್ಟಾಗ್ಯಾವ."

ದಶರಥ ದೊಡ್ಡದಾಗಿ ಉಸಿರು ಬಿಟ್ಟ. ಅವನ ಮುಖದಲ್ಲಿ ನೋವಿಗಿಂತ ನಿರಾಳವೇ ಹೆಚ್ಚಾಗಿ ಕಂಡಿತು. ಅನ್ಯಾಯವಾಗಿಲ್ಲ, ತಪ್ಪು ತನ್ನದೇ, ಅಷ್ಟು ತಿಳಿದರೆ ಸಾಕೆಂಬಂತೆ ತಲೆಯಾಡಿಸಿದ. "ನೋಡಿದಿ? ಸಾಹೇಬ್ರು ನೋಡ್ಯಾರ" ಎಂದು ಹೆಂಡತಿಗೆ ಹೇಳಿದ. ತುಳಜಾಬಾಯಿ ವಾಸುದೇವನನ್ನೇ ನೋಡುತ್ತಿದ್ದಳು. ಅವಳು ನಂಬುವುದಿಲ್ಲ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು, ನಂಬದಿರಲಿ ಎಂದು ಆಸೆಯೂ ಆಯಿತು. ಆದರೆ ಅವಳು ನಂಬಿದಳು. ನಂಬಿದ್ದು ಅವಳ ಕಣ್ಣಿನಲ್ಲಿ ಕಂಡಿತು, ಅಲ್ಲಿಂದ ಆ ನೋಟ ನಿಧಾನವಾಗಿ ಸರಿದು ಗಂಡನ ಮೇಲೆ ನಿಂತಿತು. ಮಳಖೇಡ ರೋಡ್ ಬಂತು, ಹೋಯಿತು. ಹೊರಗೆ ತೊಗರಿ ಹೊಲಗಳ ಮೇಲೆ ಬಿಸಿಲು ಹಳದಿಗೆ ತಿರುಗಿತ್ತು. ಚಿತ್ತಾಪುರದ ಹೊರಗೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ವಾಸುದೇವ ಚೀಲವನ್ನು ಮಡಿಲಿಗೆ ಎಳೆದುಕೊಂಡು ಇಳಿಯಲು ಸಿದ್ಧನಾಗಿ ಕೂತ.

"ನಾ ದಿನಾ ಬುತ್ತಿ ಕಟ್ಟಿ ಕೊಡ್ತಿದ್ದೆ" ಎಂದಳು ತುಳಜಾಬಾಯಿ. ದನಿ ಏರಿರಲಿಲ್ಲ. "ದಿನಾ ಮನಿಯಿಂದ ಹೋಗ್ತಿದ್ದಿ. ಸಂಜೀಕ ಖಾಲಿ ಡಬ್ಬಿ ತರ್ತಿದ್ದಿ. ಕೆಲಸಕ್ಕ ಹೋಗ್ಲಾರದ ಆ ದಿನಾ ಎಲ್ಲಿಗಿ ಹೋಗ್ತಿದ್ದಿ? ಯಾರ ಮನಿಗಿ?"

ದಶರಥ ಮೊದಲು ನಕ್ಕ. ಅವಳು ನಗಲಿಲ್ಲ. ಎದುರಿನ ಸೀಟಿನವರು ತಿರುಗಿ ನೋಡಿದರು. ಅವನ ನಗು ಸ್ವಲ್ಪ ಸ್ವಲ್ಪವಾಗಿ ಇಳಿದು, ಮುಖ ಗೊಂದಲಕ್ಕೆ ಬಿತ್ತು. ಹಣೆಯ ಮೇಲಿನ ಕಲ್ಲುಪುಡಿಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತ ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಶುರು ಮಾಡಿದ. ಕೊನೆಗೆ ವಾಸುದೇವನತ್ತ ಬಾಗಿ, ಚೂರೂ ಕೊಂಕಿಲ್ಲದೆ, ಎಲ್ಲ ಬಲ್ಲವನನ್ನು ಕೇಳುವ ಹಾಗೆ ಕೇಳಿದ.

"ನೀವರೆ ಹೇಳ್ರಿ ಸಾಹೇಬ್ರ, ನಾ ಎಲ್ಲಿಗಿ ಹೋಗಿದ್ದೆ?"

ಗಾಡಿ ಇನ್ನೂ ಅಲುಗಿರಲಿಲ್ಲ.